ಭೂಕಂಪವೂ ಜಪಮಣಿಯೂ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಭೂಮಿಯ ಹೆಸರುಗಳ ಸಾಲು ನೆನಪಿರಬಹುದು. ಆ ಸಾಲಿನಲ್ಲಿ ಅಚಲೆ ಎಂಬುದೊಂದು ಹೆಸರು, ಸ್ಥಿರೆ ಎಂಬುದು ಇನ್ನೊಂದು. ಅಲುಗದವಳು, ನಿಂತಲ್ಲಿ ನಿಂತವಳು ಎಂದು ಅರ್ಥ. ನಾವು ಸಂಸ್ಕೃತದ ಮಾಸ್ತರರಾಗಿದ್ದಷ್ಟು ಕಾಲವೂ ಈ ಎರಡು ಹೆಸರುಗಳನ್ನು ಹುಡುಗರಿಂದ ಹೇಳಿಸಿದ್ದೇವೆ. ಮೊದಲಿನ ನಾಲ್ಕೈದು ವರ್ಷ ಯಾವ ಸಂಶಯವೂ ಇಲ್ಲದೆ ಹೇಳಿಸಿದೆವು. ಆಮೇಲಿನ ವರ್ಷಗಳಲ್ಲಿ ಆ ಮಾತು ಬಂದಾಗಲೆಲ್ಲ ನಾಲಗೆ ಅರೆಕ್ಷಣ ತಡೆಯುತ್ತಿತ್ತು. ಅದಕ್ಕೆ ಕಾರಣವಾದ ಸಂಗತಿಯನ್ನೂ, ಅದರ ದೆಸೆಯಿಂದ ನಾವು ಕಲಿತುಕೊಂಡ ಅಷ್ಟಿಷ್ಟು ಭೂಕಂಪಶಾಸ್ತ್ರವನ್ನೂ ವಾಚಕರ ಮುಂದಿಡಬೇಕೆಂಬ ಆಶೆ ಬಹುಕಾಲದಿಂದ ಇತ್ತು. ನಾವು ವಿಜ್ಞಾನವನ್ನು ಕ್ರಮವಾಗಿ ಓದಿದವರಲ್ಲ. ಎಲ್ಲಿಯಾದರೂ ಎಡವಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು.

೧೯೯೨ನೆಯ ಇಸವಿಯಲ್ಲಿ ನಾವು ಆಗಿನ ಗುಲ್ಬರ್ಗಾ ಜಿಲ್ಲೆಯ ಆಳಂದದಲ್ಲಿದ್ದೆವು. ವಯಸ್ಸು ಇಪ್ಪತ್ತೇಳು, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ತಿಳಿವಳಿಕೆಗಿಂತ ತಿಳಿದಿದ್ದೇವೆಂಬ ಭಾವನೆಯೇ ದೊಡ್ಡದಾಗಿದ್ದ ಕಾಲ. ನಮ್ಮ ತಾಯಿಯವರ ತಂಗಿಯನ್ನು ಗಡಿಯಾಚೆ, ಮಹಾರಾಷ್ಟ್ರದಲ್ಲಿ, ಕಿಲ್ಲಾರಿಗೆ ಒಂದು ಹರದಾರಿ ದೂರದ ಹಳ್ಳಿಗೆ ಕೊಟ್ಟಿತ್ತು. ಚಿಕ್ಕಮ್ಮನನ್ನು ನಮ್ಮ ಕಡೆ ಮೌಶಿ ಎನ್ನುತ್ತೇವೆ. ಆ ವರ್ಷದ ಆಗಸ್ಟ್ ತಿಂಗಳಿನಿಂದ ಆ ಸೀಮೆಯ ನೆಲದೊಳಗೆ ಮೇಲಿಂದ ಮೇಲೆ ಗುಡುಗಿನಂತಹ ಸಪ್ಪಳವಾಗತೊಡಗಿತು. ಅಕ್ಟೋಬರ್ ೧೮ರ ನಡುಕ ಎಲ್ಲಕ್ಕಿಂತ ದೊಡ್ಡದು. ಅದರ ಅಂಕೆ ನಾಲ್ಕನ್ನು ದಾಟಿತ್ತು. ಕೆಲವು ಮನೆಗಳ ಗೋಡೆ ಬಿರಿದವು. ಮೌಶಿಯ ಯಜಮಾನರು ಒಂದು ಕಾರ್ಡು ಬರೆದರು. "ನೀನು ಶಾಸ್ತ್ರ ಓದಿದವನು. ಹೆಣ್ಣುಮಕ್ಕಳು ರಾತ್ರಿಯೆಲ್ಲ ಅಂಗಳದಲ್ಲಿ ಮಲಗುತ್ತಿದ್ದಾರೆ. ಒಳಗೆ ಮಲಗಬಹುದೋ ಹೇಗೆ, ತಿಳಿಸುವುದು" ಎಂಬುದೇ ಅದರ ತಾತ್ಪರ್ಯ.

ನಾವು ಎರಡು ಪುಟದ ಉತ್ತರ ಬರೆದೆವು. ದಖ್ಖಣದ ಪ್ರಸ್ಥಭೂಮಿಯು ಲೋಕದ ಅತಿ ಪುರಾತನವಾದ ಗಟ್ಟಿ ನೆಲಗಳಲ್ಲೊಂದು. ಭೂಕಂಪಗಳೆಲ್ಲ ಹಿಮಾಲಯದ ಕಡೆಯವು. ೧೯೬೭ರಲ್ಲಿ ಕೊಯ್ನಾದಲ್ಲಿ ಆದದ್ದು ಅಣೆಕಟ್ಟಿನ ನೀರಿನ ದೆಸೆಯಿಂದ ಆದದ್ದು. ನಿಮ್ಮಲ್ಲಿ ಅಂತಹ ಅಣೆಕಟ್ಟಿಲ್ಲ — ಹೀಗೆ ಭೂಗೋಳದ ಪುಸ್ತಕದಿಂದ ತೆಗೆದು ಬರೆದೆವು. ಸಾಲದೆಂದು ವರಾಹಮಿಹಿರನನ್ನೂ ಕರೆತಂದೆವು. ಕೊನೆಯಲ್ಲಿ "ಹೆದರಬೇಡಿರಿ, ಒಳಗೆ ಮಲಗಿರಿ" ಎಂದು ಬರೆದು ಸಹಿ ಮಾಡಿದೆವು. ದಖ್ಖಣದ ನೆಲ ಗಟ್ಟಿಯೆಂದು ಆಗ ಬಲ್ಲವರೂ ಹೇಳುತ್ತಿದ್ದರು, ನಿಜ. ಆದರೆ ಅವರು "ಈವರೆಗೆ ಕಂಡಮಟ್ಟಿಗೆ" ಎಂಬ ಎರಡು ಮಾತನ್ನು ಮುಂದಿಟ್ಟು ಹೇಳುತ್ತಿದ್ದರು. ನಾವು ಆ ಎರಡು ಮಾತನ್ನು ಕಳೆದು ಬರೆದೆವು.

ಇಲ್ಲಿ ವರಾಹಮಿಹಿರನ ವಿಷಯವಾಗಿ ಒಂದು ಮಾತು ಹೇಳಬೇಕು. ನಮ್ಮ ಅವಿವೇಕಕ್ಕೆ ಅವನು ಹೊಣೆಯಲ್ಲ. ಆರನೆಯ ಶತಮಾನದ ಆ ಜ್ಯೋತಿಷಿಯು ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ನೀರಿನೊಳಗಿನ ದೊಡ್ಡ ಪ್ರಾಣಿಗಳಿಂದ ಎಂದು ಕೆಲವರು, ಭಾರ ಹೊತ್ತು ಬಳಲಿದ ದಿಗ್ಗಜಗಳ ನಿಟ್ಟುಸಿರಿನಿಂದ ಎಂದು ಕೆಲವರು, ಗಾಳಿಗೆ ಗಾಳಿ ಹಾಯುವುದರಿಂದ ಎಂದು ಕೆಲವರು — ಹೀಗೆ ಬೇರೆಬೇರೆ ಮತಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೇಳುತ್ತಾನೆ. ಮುಂದೆ ಕಂಪಗಳನ್ನು ವಾಯು, ಅಗ್ನಿ, ಇಂದ್ರ, ವರುಣರ ಹೆಸರಿನಲ್ಲಿ ನಾಲ್ಕಾಗಿ ವಿಂಗಡಿಸಿ, ವಾಯುವಿನದು ೨೦೦ ಯೋಜನ ಅಲುಗಿಸುತ್ತದೆ, ಅಗ್ನಿಯದು ೧೧೦ ಯೋಜನ ಎಂದು ಲೆಕ್ಕ ಕೊಡುತ್ತಾನೆ. ಕಾರಣ ತಪ್ಪಿರಬಹುದು. ಆದರೂ ಒಂದು ನಡುಕ ದೊಡ್ಡದೋ ಚಿಕ್ಕದೋ ಎಂಬುದನ್ನು ಅದು ಎಷ್ಟು ದೂರ ಮುಟ್ಟಿತೆಂಬುದರಿಂದ ಅಳೆಯಬೇಕೆಂಬ ಯೋಚನೆ ಅಲ್ಲಿ ಮೊಳೆತಿದೆ. ಮಾಸ್ತರಿಕೆಯ ಅಭಿಮಾನ ಎಂದು ಯಾರಾದರೂ ನಕ್ಕರೆ ನಗಲಿ.

ಮರುವರ್ಷ, ೧೯೯೩ರ ಸೆಪ್ಟೆಂಬರ್ ೨೯, ಅನಂತಚತುರ್ದಶಿ. ಗಣಪತಿಯನ್ನು ಕಳುಹಿಸಿ ಊರೆಲ್ಲ ತಡವಾಗಿ ಮಲಗಿತ್ತು. ನಮ್ಮ ತಾಯಿಯವರು ಮಾತ್ರ ಎಂದಿನಂತೆ ನಾಲ್ಕಕ್ಕೆ ಮೊದಲೇ ಎದ್ದು, ಕೈಕಾಲು ತೊಳೆದು, ದೇವರ ಮನೆಯಲ್ಲಿ ತುಳಸಿಯ ಮಣಿಸರ ಹಿಡಿದು ಕುಳಿತಿದ್ದರು. ಮಣಿಗೊಂದು ಬಾರಿ "ನಾರಾಯಣ" ಎನ್ನುವುದು ಅವರ ಪದ್ಧತಿ. ನಮಗೆ ಎಚ್ಚರವಾದದ್ದು ಮಂಚ ಸರಿದಾಗ. ಗೂಡಿನಲ್ಲಿದ್ದ ತಂಬಿಗೆಗಳು ಉರುಳಿದುವು, ಮಾಳಿಗೆಯಿಂದ ಮಣ್ಣು ಸುರಿಯಿತು, ನಾಯಿಗಳು ಒಂದೇ ಸಮನೆ ಕೂಗಿಕೊಂಡವು. ತಾಯಿಯವರನ್ನು ಕೈಹಿಡಿದು ಬೀದಿಗೆ ಕರೆತಂದೆವು. ಆಗ ಸಮಯ ೩ ಗಂಟೆ ೫೬ ನಿಮಿಷ ಎಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು.

ಬೀದಿಯಲ್ಲಿ ನಿಂತು ತಾಯಿಯವರು ಹೇಳಿದ್ದು ಇದು: "ಮೊದ್ಲು ಪಂಚಪಾತ್ರಿಯೊಳಗ ಉದ್ಧರಣಿ ಗಿಣಿಗಿಣಿ ಅಂತು. ಐದಾರು ಮಣಿ ದಾಟಿದ್ವು ನೋಡು, ಆಮ್ಯಾಲೆ ನೆಲ ತೂಗ್ತು. ದೇವರು ಮುಂಚೇನ ಹೇಳಿ ಕಳಿಸ್ಯಾನ." ನಾವು ಸಿಡುಕಿದೆವು. ಊರೆಲ್ಲ ಬೀದಿಯಲ್ಲಿರುವಾಗ ಮಣಿಯ ಲೆಕ್ಕವೇ ಎಂದೆವು.

ಬೆಳಗಿನ ತನಕ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಇದು ಎಲ್ಲಿ ಆಯಿತು? ಸೋಲಾಪುರವೆಂದು ಒಬ್ಬರು, ಬೀದರೆಂದು ಒಬ್ಬರು, ಇಲ್ಲಿಯೇ ನಮ್ಮ ಕಾಲಡಿಯಲ್ಲಿ ಎಂದು ಮತ್ತೊಬ್ಬರು. ಲಾತೂರು, ಉಸ್ಮಾನಾಬಾದು ಜಿಲ್ಲೆಗಳೆಂದು ರೇಡಿಯೋದಲ್ಲಿ ಕೇಳಿದ ಮೇಲೆ ತಾಯಿಯವರು ಮಾತಾಡಲಿಲ್ಲ. ಆ ದಿನ ಸಿಕ್ಕ ಲಾರಿ ಹತ್ತಿ ನಾವು ಉಮರ್ಗಾದ ದಾರಿಯಲ್ಲಿ ಹೊರಟೆವು. ಅಲ್ಲಿ ಕಂಡದ್ದನ್ನು ವಿಸ್ತರಿಸುವುದಿಲ್ಲ. ಮೌಶಿಯೂ ಅವರ ಸೊಸೆಯೂ ಹೋಗಿದ್ದರು. ಹೊಲದ ಗುಡಿಸಲಿನಲ್ಲಿ ಮಲಗಿದ್ದ ಕಾಕಾ ಉಳಿದಿದ್ದರು. ಒಟ್ಟು ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪ ಎಂದು ಲೆಕ್ಕ ಕೊಡುವುದುಂಟು.

ಶಾಲೆ ಮತ್ತೆ ತೆರೆದಾಗ ಹುಡುಗರು ಪಾಠ ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಬ್ಬ ಹುಡುಗ ಎದ್ದು ನಿಂತು, ನೆಲದೊಳಗೆ ಆದದ್ದು ಇಂತಹ ಊರಿನಲ್ಲಿಯೇ ಆಯಿತೆಂದು ಹೈದರಾಬಾದಿನಲ್ಲಿ ಕುಳಿತವರಿಗೆ ಹೇಗೆ ತಿಳಿಯಿತು ಎಂದು ಕೇಳಿದನು. ಹಿಂದಿನ ವರ್ಷವಾಗಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದೆವು. ಆ ದಿನ ಅವನನ್ನು ಕರೆದುಕೊಂಡು ವಿಜ್ಞಾನದ ಮಾಸ್ತರರಲ್ಲಿಗೆ ಹೋಗಿ, ಅವನ ಪಕ್ಕದಲ್ಲಿಯೇ ಬೆಂಚಿನ ಮೇಲೆ ಕುಳಿತೆವು. ಮುಂದಿನದೆಲ್ಲ ಆ ಬೆಂಚಿನಿಂದ ಮೊದಲ್ಗೊಂಡು ಕಲಿತದ್ದು.

ಮೊದಲು ಯಂತ್ರದ ವಿಚಾರ. ದೇವರ ಮನೆಯಲ್ಲಿ ಸರಪಣಿಯಿಂದ ಇಳಿಬಿಟ್ಟ ಭಾರವಾದ ತೂಗುದೀಪವನ್ನು ವಾಚಕರು ಊಹಿಸಿಕೊಳ್ಳಬೇಕು. ಮನೆ ಥಟ್ಟನೆ ಒಂದು ಪಕ್ಕಕ್ಕೆ ಸರಿದರೆ ತೊಲೆ ಸರಿಯುತ್ತದೆ, ಗೋಡೆ ಸರಿಯುತ್ತದೆ, ದೀಪ ಮಾತ್ರ ತನ್ನ ಭಾರದ ದೆಸೆಯಿಂದ ಕ್ಷಣಕಾಲ ಇದ್ದಲ್ಲಿಯೇ ಇರುತ್ತದೆ. ಆ ದೀಪಕ್ಕೆ ಒಂದು ಲೇಖನಿಯನ್ನು ಕಟ್ಟಿ, ನೆಲಕ್ಕೆ ಬಿಗಿದ ಸುರುಳಿಯ ಕಾಗದವನ್ನು ಅದರ ಕೆಳಗೆ ಸಮವೇಗದಿಂದ ಓಡಿಸಿದರೆ, ಅಲುಗುವ ನೆಲದ ಗತಿಯನ್ನು ಅಲುಗದ ಲೇಖನಿಯು ಗೆರೆಯಾಗಿ ಬರೆಯುತ್ತದೆ. ಭೂಕಂಪಲೇಖಿಯ ಮೂಲತತ್ತ್ವ ಇಷ್ಟೆ. ೧೮೮೦ರ ಯೋಕೋಹಾಮಾ ಭೂಕಂಪವಾದ ಮೇಲೆ ಜಪಾನಿನಲ್ಲಿ ಅಧ್ಯಾಪಕರಾಗಿದ್ದ ಜಾನ್ ಮಿಲ್ನೆ ಮತ್ತು ಅವರ ಜತೆಯವರು ಇದನ್ನು ಬಳಕೆಗೆ ತಕ್ಕಂತೆ ರೂಪಿಸಿದರು. ಈಗ ಕಾಗದವೂ ಇಲ್ಲ, ಲೇಖನಿಯೂ ಇಲ್ಲ. ಭಾರದ ಚಲನೆಯನ್ನು ವಿದ್ಯುತ್ತಿನ ಮೂಲಕ ಅಂಕೆಗಳಾಗಿ ತಿರುಗಿಸಿ ಕಂಪ್ಯೂಟರಿಗೆ ಕಳುಹಿಸುತ್ತಾರೆ. ತತ್ತ್ವ ಅದೇ.

ಬಂಡೆ ಒಡೆದಾಗ ಅಲೆಗಳು ಒಂದೇ ಬಗೆಯಾಗಿ ಹೊರಡುವುದಿಲ್ಲ. ಮೊದಲನೆಯದು ಮುಂದೆ ತಳ್ಳಿ ಹಿಂದೆ ಎಳೆಯುವ ಅಲೆ. ಸಂತೆಯ ಇಕ್ಕಟ್ಟಿನಲ್ಲಿ ಹಿಂದಿನವನು ತಳ್ಳಿದ್ದು ಸಾಲಿನ ಮುಂದಿನವನಿಗೆ ಮುಟ್ಟುವಂತೆ ಇದು ಸಾಗುತ್ತದೆ. ಭೂಮಿಯ ಮೇಲ್ಪದರದ ಗಟ್ಟಿ ಕಲ್ಲಿನಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು ೬ ಕಿಲೋಮೀಟರು. ಎರಡನೆಯದು ಹಗ್ಗದ ಒಂದು ತುದಿಯನ್ನು ಹಿಡಿದು ಕೊಡವಿದಾಗ ಹರಿಯುವಂತಹ ಅಡ್ಡಲೆ. ಇದರ ವೇಗ ಸುಮಾರು ಮೂರೂವರೆ ಕಿಲೋಮೀಟರು. ಮೊದಲನೆಯದು ಕದವನ್ನು ತಟ್ಟುತ್ತದೆ. ಮನೆಯನ್ನು ಹಿಡಿದು ಅಲುಗಿಸುವುದು ಎರಡನೆಯದು ಮತ್ತು ಅದರ ಹಿಂದಿನಿಂದ ನೆಲದ ಮೇಲ್ಮೈಯನ್ನು ಹಿಡಿದು ಬರುವ ಅಲೆಗಳು. ಇವನ್ನೆಲ್ಲ ಯಂತ್ರದ ಗೆರೆಯಲ್ಲಿ ಬೇರೆಬೇರೆಯಾಗಿ ಗುರುತಿಸಿದವರು ನಮ್ಮ ದೇಶದ ಭೂವಿಜ್ಞಾನ ಇಲಾಖೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್ ಎಂಬ ಆಂಗ್ಲೇಯರು. ೧೮೯೭ನೆಯ ಜೂನ್ ೧೨ರ ಅಸ್ಸಾಮಿನ ಮಹಾಕಂಪವು ಅವರನ್ನು ಈ ದಾರಿಗೆ ಹಚ್ಚಿತು. ದೂರದೇಶಗಳ ಯಂತ್ರಗಳಲ್ಲಿ ಮೂಡಿದ ಗೆರೆಗಳನ್ನು ಓದುತ್ತ ಓದುತ್ತ, ೧೯೦೬ರಲ್ಲಿ ಅವರು ಭೂಮಿಯ ಒಳಗೆ ಬೇರೆ ಬಗೆಯದೊಂದು ತಿರುಳಿದೆಯೆಂಬುದನ್ನೂ ಹೊರಗೆಡಹಿದರು.

ಇನ್ನು ದೂರದ ಲೆಕ್ಕ. ಒಂದೇ ಊರಿನಿಂದ ಒಂದೇ ಹೊತ್ತಿಗೆ ಇಬ್ಬರು ಓಲೆಕಾರರು ಹೊರಟರೆಂದು ತಿಳಿಯಿರಿ. ಒಬ್ಬನು ಬಿರುನಡಿಗೆಯವನು, ಇನ್ನೊಬ್ಬನು ನಿಧಾನಿ. ನಿಮ್ಮ ಮನೆ ಸಮೀಪದಲ್ಲಿದ್ದರೆ ಇಬ್ಬರೂ ಬೆನ್ನಿಂದ ಬೆನ್ನಿಗೆ ಬರುವರು. ದೂರವಾದಷ್ಟೂ ಅವರ ನಡುವಣ ಅಂತರ ಹೆಚ್ಚುವುದು. ಹೊರಟ ಊರು ಯಾವುದೆಂದು ಗೊತ್ತಿಲ್ಲದಿದ್ದರೂ, ಅಂತರವನ್ನು ನೋಡಿ ಅದು ಎಷ್ಟು ದೂರವೆಂದು ಹೇಳಬಹುದು. ಮೇಲಿನ ವೇಗಗಳನ್ನು ಹಿಡಿದು ಗುಣಿಸಿದರೆ, ಎರಡು ಅಲೆಗಳ ನಡುವಣ ಪ್ರತಿಯೊಂದು ಸೆಕೆಂಡಿಗೂ ಸುಮಾರು ೮ ಕಿಲೋಮೀಟರಿನಂತೆ ದೂರ ಸಿಕ್ಕುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ ಮಳೆ ಎಷ್ಟು ದೂರದಲ್ಲಿದೆ ಎಂದು ಹೇಳುವ ರೈತರ ಯುಕ್ತಿಯೇ ಇದು. ಅಲೆಗಳು ಆಳವಾಗಿ ಇಳಿದು ಬಹುದೂರ ಹೋದಾಗ ಎಂಟರ ಲೆಕ್ಕ ಸಾಲದು. ಅದಕ್ಕೆ ಬೇರೆ ಕೋಷ್ಟಕಗಳಿವೆ.

ಆದರೆ ದೂರ ತಿಳಿದ ಮಾತ್ರಕ್ಕೆ ದಿಕ್ಕು ತಿಳಿಯಲಿಲ್ಲ. ವಿಜ್ಞಾನದ ಮಾಸ್ತರರು ಗೋಡೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ನಕ್ಷೆಯ ಪ್ರಮಾಣಕ್ಕೆ ತಕ್ಕಂತೆ ದಾರಕ್ಕೆ ಗಂಟು ಹಾಕಿ, ಒಂದು ತುದಿಯನ್ನು ಹೈದರಾಬಾದಿನ ಮೇಲೆ ಹುಡುಗನ ಬೆರಳಿನಿಂದ ಒತ್ತಿಸಿ ೨೩೦ ಕಿಲೋಮೀಟರಿನ ಒಂದು ವೃತ್ತವನ್ನೆಳೆದರು. ಆ ವೃತ್ತದ ಮೇಲಿನ ಯಾವ ಊರಾದರೂ ಆಗಬಹುದು. ಪುಣೆಯಿಂದ ೨೮೦ರ ಇನ್ನೊಂದು ವೃತ್ತ. ಈಗ ಎರಡು ವೃತ್ತಗಳು ಎರಡು ಕಡೆ ಕೂಡಿದುವು. ಸಂಶಯ ಎರಡು ಊರಿಗೆ ಇಳಿಯಿತು. ಗೌರಿಬಿದನೂರಿನಿಂದ ೫೦೦ರ ಮೂರನೆಯ ವೃತ್ತವನ್ನೆಳೆದಾಗ ಮೂರೂ ಒಂದೆಡೆ ಸೇರಿದುವು. ಹುಡುಗನು ಬಗ್ಗಿ ಅಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದನು. ನಾವು ಆ ಹೊತ್ತಿಗೆ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಿದ್ದೆವು.

ಚೀನದೇಶದ ಝಾಂಗ್ ಹೆಂಗ್ ಎಂಬ ಪಂಡಿತನು ಕ್ರಿಸ್ತಶಕ ೧೩೨ರಲ್ಲಿಯೇ ಒಂದು ಕಂಚಿನ ಹಂಡೆಯನ್ನು ಮಾಡಿದ್ದನಂತೆ. ಅದರ ಸುತ್ತ ಎಂಟು ದಿಕ್ಕಿಗೆ ಎಂಟು ಘಟಸರ್ಪಗಳು. ಅವುಗಳ ಬಾಯಲ್ಲಿ ಗುಂಡುಗಳು. ಕೆಳಗೆ ಬಾಯಿ ತೆರೆದು ಕುಳಿತ ಎಂಟು ಕಪ್ಪೆಗಳು. ದೂರದಲ್ಲಿ ನೆಲ ನಡುಗಿದರೆ ಒಂದು ಗುಂಡು ಒಂದು ಕಪ್ಪೆಯ ಬಾಯಿಗೆ ಬಿದ್ದು ದಿಕ್ಕನ್ನು ತೋರಿಸುತ್ತಿತ್ತು. ಅವನಿಗೆ ದಿಕ್ಕು ಸಿಕ್ಕಿತು, ದೂರ ಸಿಕ್ಕಲಿಲ್ಲ. ಎರಡನ್ನೂ ಹಿಡಿಯುವ ಒಂದು ಉಪಾಯ ನಮ್ಮ ನಾಡಿನ ಗೌರಿಬಿದನೂರಿನಲ್ಲಿಯೇ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ೧೯೬೫ರಿಂದ ಅಲ್ಲಿ ಯಂತ್ರಗಳ ಸಾಲನ್ನೇ ಹೂಡಿದ್ದಾರೆ. ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳು, ಹೊಲಗದ್ದೆಗಳ ನಡುವೆ ಹರದಾರಿಗಟ್ಟಲೆ ಉದ್ದ. ಪರದೇಶದವರು ನೆಲದೊಳಗೆ ಗುಟ್ಟಾಗಿ ಸಿಡಿಸುವ ಅಣುಬಾಂಬುಗಳನ್ನು ಕಂಡುಹಿಡಿಯಲೆಂದು ಇಟ್ಟದ್ದು ಅದು. ಮಳೆ ಬಯಲನ್ನು ದಾಟಿ ಬರುವಾಗ ಯಾವ ಹೊಲ ಮೊದಲು ನೆನೆಯಿತೆಂಬುದರಿಂದ ಮಳೆ ಬಂದ ದಿಕ್ಕು ತಿಳಿಯುವಂತೆ, ಯಾವ ಯಂತ್ರ ಮೊದಲು ಅಲುಗಿತೆಂಬುದರಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ.

ದಾರದ ವೃತ್ತಗಳು ಶಾಲೆಯ ಮಾತಾಯಿತು. ನಿಜವಾಗಿ ಲೆಕ್ಕ ಹಾಕುವಾಗ ಮೂರು ವೃತ್ತಗಳು ಒಂದು ಬಿಂದುವಿನಲ್ಲಿ ಕೂಡುವುದಿಲ್ಲ. ನಡುವೆ ಒಂದು ಸಣ್ಣ ಮುಕ್ಕೋಣ ಉಳಿಯುತ್ತದೆ. ನೆಲದೊಳಗೆ ಬಂಡೆ ಒಡೆದ ಸ್ಥಳ ಬೇರೆ, ಅದರ ನೇರ ಮೇಲಿನ ಸ್ಥಳ ಬೇರೆ. ಒಳಗಿನದನ್ನು ನಾಭಿಯೆಂದೂ ಮೇಲಿನದನ್ನು ಅಧಿಕೇಂದ್ರವೆಂದೂ ಕರೆಯುತ್ತಾರೆ. (ಕೇಂದ್ರವೆಂಬ ಈ ಮಾತು ಗ್ರೀಕರಿಂದ ನಮ್ಮ ಜ್ಯೋತಿಷಿಗಳು ತೆಗೆದುಕೊಂಡದ್ದು, ಪರಭಾಷೆಯ ಮಾತೆಂದರೆ ಮೂಗು ಮುರಿಯುವವರು ಇದನ್ನು ನೆನೆಯಬೇಕು.) ಕಿಲ್ಲಾರಿಯ ನಾಭಿ ಹತ್ತು ಕಿಲೋಮೀಟರಿನ ಒಳಗೇ ಇತ್ತು; ಭೂಮಿಯ ಲೆಕ್ಕದಲ್ಲಿ ಇದು ಬಹಳ ಮೇಲೆ. ಇಂತಹ ಆಳವನ್ನೂ, ಸ್ಥಳವನ್ನೂ, ಒಡೆದ ಹೊತ್ತನ್ನೂ ಒಟ್ಟಿಗೆ ತಿಳಿಯಲು, ಮೊದಲು ಒಂದು ಊಹೆಯನ್ನು ಇಟ್ಟುಕೊಂಡು, ಅಲ್ಲಿಂದ ಅಲೆಗಳು ಪ್ರತಿಯೊಂದು ಯಂತ್ರವನ್ನೂ ಯಾವಾಗ ಮುಟ್ಟಬೇಕಾಗಿತ್ತೆಂದು ಗುಣಿಸಿ, ನಿಜವಾಗಿ ಮುಟ್ಟಿದ ಹೊತ್ತಿನೊಡನೆ ಹೋಲಿಸಿ, ವ್ಯತ್ಯಾಸ ಕಡಿಮೆಯಾಗುವ ಕಡೆಗೆ ಊಹೆಯನ್ನು ಸರಿಸಿ, ಮತ್ತೆ ಗುಣಿಸುತ್ತಾರೆ. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಗ್ರಹಗಳ ಲೆಕ್ಕಕ್ಕೆ ಹೀಗೆಯೇ ಮರಳಿಮರಳಿ ಮಾಡುವ ಕ್ರಿಯೆಗೆ ಅಸಕೃತ್ಕರ್ಮವೆಂದು ಹೆಸರು. ಇದನ್ನು ತಿಳಿದಾಗ ನಮಗೆ ಅಪರಿಚಿತರ ಮನೆಯಲ್ಲಿ ನಂಟರನ್ನು ಕಂಡಂತಾಯಿತು. ಇಷ್ಟೆಲ್ಲ ಮಾಡಿಯೂ ಅವರು ಉತ್ತರದ ಪಕ್ಕದಲ್ಲಿ, ತಪ್ಪು ಇಷ್ಟು ಕಿಲೋಮೀಟರು ಇರಬಹುದೆಂದು ಬರೆದಿಡುತ್ತಾರೆ.

ಎಂಟರ ಲೆಕ್ಕವನ್ನು ಕಲಿತ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಐದಾರು ಮಣಿ! ಬೆಳಗಾಗುತ್ತಲೆ ಕೈಗಡಿಯಾರವನ್ನು ಬಿಚ್ಚಿ ಮುಂದಿಟ್ಟುಕೊಂಡು, ಒಂದು ಸರ ಜಪ ಮಾಡಬೇಕೆಂದು ತಾಯಿಯವರನ್ನು ಬೇಡಿಕೊಂಡೆವು. ನೂರೆಂಟು ಮಣಿಗೆ ಎರಡು ನಿಮಿಷದ ಮೇಲೆ ಹತ್ತು ಸೆಕೆಂಡು ಹಿಡಿಯಿತು. ಎಂದರೆ ಮಣಿಯೊಂದಕ್ಕೆ ಒಂದು ಸೆಕೆಂಡು ಮತ್ತು ಅದರ ಐದನೆಯ ಒಂದು ಪಾಲು. ಇದನ್ನು ಇನ್ನೊಂದು ಬಗೆಯಲ್ಲಿಯೂ ತಾಳೆ ನೋಡಿದೆವು. ಆರ್ಯಭಟನ ಮತದಲ್ಲಿ ಅರುವತ್ತು ಗುರ್ವಕ್ಷರಗಳನ್ನು ಉಚ್ಚರಿಸುವ ಕಾಲ ಒಂದು ವಿನಾಡಿ, ಅಂದರೆ ೨೪ ಸೆಕೆಂಡು. "ನಾರಾಯಣ" ಎಂಬಲ್ಲಿ ಎರಡು ಗುರು, ಎರಡು ಲಘು. ಕೂಡಿದರೆ ಮೂರು ಗುರುವಿನ ಕಾಲ. ಅದೂ ಅಷ್ಟೇ ಬಂದಿತು. ಐದು ಮಣಿಗೆ ೬ ಸೆಕೆಂಡು, ಆರು ಮಣಿಗೆ ೭ರ ಮೇಲೆ ಸ್ವಲ್ಪ. ಎಂಟರಿಂದ ಗುಣಿಸಿದರೆ ೪೮ರಿಂದ ೫೮ ಕಿಲೋಮೀಟರು. ನಕ್ಷೆಯ ಮೇಲೆ ಆಳಂದದಿಂದ ಕಿಲ್ಲಾರಿಗೆ ನೇರವಾಗಿ ಅಳೆದರೆ ೫೭. ನೆನಪು ಯಂತ್ರವಲ್ಲ, ಇದು ಕಾಕತಾಳೀಯವಿದ್ದೀತು ಎಂದು ವಾದಿಸುವವರೊಡನೆ ನಾವು ಜಗಳವಾಡುವುದಿಲ್ಲ. ಆ ಅಳತೆಯ ವೃತ್ತವನ್ನು ಆಳಂದದ ಸುತ್ತ ಎಳೆದು ನೋಡಿದೆವು. ಅದು ಬಸವಕಲ್ಯಾಣದ ಮಗ್ಗುಲಲ್ಲಿ ಹಾಯುತ್ತದೆ, ತೆಂಕಲಿಗೆ ಭೀಮಾನದಿಯನ್ನು ದಾಟುತ್ತದೆ, ಕಿಲ್ಲಾರಿಯ ಮಗ್ಗುಲಲ್ಲಿಯೂ ಹಾಯುತ್ತದೆ.

ನಾವು ಹುರುಪಿನಿಂದ ಇದನ್ನೆಲ್ಲ ತಾಯಿಯವರಿಗೆ ಹೇಳಿದೆವು. ನೀವು ಹೇಳಿದ ಮಣಿಯ ಲೆಕ್ಕ ಸರಿಯಾಗಿತ್ತು, ಸಿಡುಕಿದ್ದು ನಮ್ಮ ತಪ್ಪು ಎಂದೆವು. ಅವರು ಸರವನ್ನು ಚೀಲದಲ್ಲಿಡುತ್ತ, "ಹಂಗಾದ್ರ ಉದ್ಧರಣಿ ಗಿಣಿಗಿಣಿ ಅನ್ನೋದ್ರೊಳಗ ಅಲ್ಲಿ ಆಕಿ ಮನಿ ಬಿದ್ದು ಹೋಗಿತ್ತೇನು?" ಎಂದು ಕೇಳಿದರು.

ನಾವು ಮನಸ್ಸಿನಲ್ಲಿ ಗುಣಿಸಿದೆವು. ಸೆಕೆಂಡಿಗೆ ೬ ಕಿಲೋಮೀಟರಿನಂತೆ ೫೭ ಕಿಲೋಮೀಟರಿಗೆ ಒಂಬತ್ತೂವರೆ ಸೆಕೆಂಡು. ಮೌಶಿಯ ಊರಿನಲ್ಲಿ ಎರಡು ಅಲೆಗಳ ನಡುವೆ ಒಂದು ಮಣಿಗೂ ಅವಕಾಶವಿದ್ದಿರಲಾರದು. ಹೌದು ಎಂದೆವು. ಅವರು ಮತ್ತೇನೂ ಕೇಳಲಿಲ್ಲ.

ಇನ್ನು ಅಳತೆಯ ಮಾತು. ಪತ್ರಿಕೆಗಳಲ್ಲಿ "ರಿಕ್ಟರ್ ಮಾಪಕದಲ್ಲಿ ಇ‌ಷ್ಟು ದಾಖಲಾಯಿತು" ಎಂದು ಓದಿದವರು, ಎಲ್ಲಿಯೋ ಒಂದು ಕಡೆ ಆ ಹೆಸರಿನ ಯಂತ್ರವಿದೆಯೆಂದು ತಿಳಿದುಕೊಂಡಿರುವುದುಂಟು. ಮಾಪಕವೆಂದರೆ ಅಳೆಯುವ ಸಾಧನ. ತಪ್ಪು ಓದುವವರದಲ್ಲ, ಮಾತನ್ನು ಟಂಕಿಸಿದವರದು. ರಿಕ್ಟರ್ ಮಾನ ಎಂದಿದ್ದರೆ ಚೆನ್ನಾಗಿತ್ತು. ಏಕೆಂದರೆ ಅದೊಂದು ಲೆಕ್ಕದ ಕ್ರಮ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ರಿಕ್ಟರ್ ಎಂಬವರು ಬೆನೋ ಗುಟೆನ್‌ಬರ್ಗ್ ಅವರ ಸಹಾಯದಿಂದ ೧೯೩೫ರಲ್ಲಿ ಇದನ್ನು ಪ್ರಕಟಿಸಿದರು. ಗೊತ್ತಾದ ಒಂದು ಬಗೆಯ ಯಂತ್ರವನ್ನು ಕಂಪದಿಂದ ೧೦೦ ಕಿಲೋಮೀಟರು ದೂರದಲ್ಲಿ ಇಟ್ಟಿದ್ದರೆ ಅದರ ಗೆರೆ ಎಷ್ಟು ಮೇಲೇಳುತ್ತಿತ್ತು ಎಂಬುದೇ ಆಧಾರ. ಮಿಲಿಮೀಟರಿನ ಸಾವಿರದೊಂದು ಪಾಲನ್ನು ಏಕವೆಂದು ಹಿಡಿಯಿರಿ. ಅಷ್ಟೇ ಎದ್ದರೆ ಅಂಕೆ ಸೊನ್ನೆ. ದಶದಷ್ಟು ಎದ್ದರೆ ಒಂದು, ಶತದಷ್ಟಾದರೆ ಎರಡು, ಸಹಸ್ರದಷ್ಟು, ಎಂದರೆ ಪೂರಾ ಒಂದು ಮಿಲಿಮೀಟರು ಎದ್ದರೆ ಮೂರು. ಸಂಖ್ಯೆಯನ್ನು ಬಿಟ್ಟು ಅದರ ಸೊನ್ನೆಗಳನ್ನು ಎಣಿಸಿದಂತೆ. ಯಂತ್ರ ನೂರಕ್ಕಿಂತ ಸಮೀಪವಿದ್ದರೂ ದೂರವಿದ್ದರೂ ಅದಕ್ಕೆ ತಕ್ಕ ತಿದ್ದುಪಡಿಯ ಕೋಷ್ಟಕವಿದೆ. ಆದುದರಿಂದಲೆ ಮೊದಲು ದೂರ ಗೊತ್ತಾಗಬೇಕು, ಆಮೇಲೆ ಗಾತ್ರ.

ಅಂಕೆ ಒಂದು ಏರಿದರೆ ಗೆರೆ ಹತ್ತು ಪಟ್ಟು. ಆದರೆ ಹೊರಬಿದ್ದ ಶಕ್ತಿ ಹತ್ತಲ್ಲ, ಸುಮಾರು ೩೨ ಪಟ್ಟು. ಐದರ ಭೂಕಂಪವನ್ನು ಒಂದು ಸೇರು ಅಕ್ಕಿಯೆಂದುಕೊಂಡರೆ ಆರರದು ೩೨ ಸೇರು, ಏಳರದು ಸಾವಿರ ಸೇರು. ಗೃಹಿಣಿಯರು ಈ ಸೇರಿನ ಲೆಕ್ಕವನ್ನು ನೆನಪಿಟ್ಟರೆ, "ಐದೂ ಏಳೂ ಏನು ಮಹಾ ಅಂತರ" ಎನ್ನುವವರಿಗೆ ಉತ್ತರ ಹೇಳಬಹುದು.

ರಿಕ್ಟರರ ಕ್ರಮ ಬಹು ದೊಡ್ಡ ಕಂಪಗಳ ಮುಂದೆ ಸೋಲುತ್ತದೆ. ಚಿಕ್ಕ ತಕ್ಕಡಿಯಲ್ಲಿ ಮೂಟೆಯನ್ನಿಟ್ಟಂತೆ, ಒಂದು ಮಿತಿಯಾಚೆಗೆ ಮುಳ್ಳು ಮುಂದೆ ಸರಿಯುವುದಿಲ್ಲ. ಅದಕ್ಕಾಗಿ ಹಿರೂ ಕಾನಾಮೊರಿ ಎಂಬ ಜಪಾನೀ ವಿದ್ವಾಂಸರು ಥಾಮಸ್ ಹ್ಯಾಂಕ್ಸ್ ಅವರೊಡನೆ ೧೯೭೯ರಲ್ಲಿ ಇನ್ನೊಂದು ಮಾನವನ್ನು ಮುಂದಿಟ್ಟರು. ಸೀರೆ ಹರಿಯಿತೆಂದರೆ ನಾವು ಏನು ಕೇಳುತ್ತೇವೆ? ಎಷ್ಟು ಉದ್ದ ಹರಿಯಿತು, ಎಷ್ಟು ಬಿಟ್ಟುಕೊಂಡಿತು, ಬಟ್ಟೆ ಎಷ್ಟು ಗಟ್ಟಿ. ಹಾಗೆಯೇ ಸೀಳಿದ ಬಂಡೆಯ ವಿಸ್ತಾರ, ಎರಡು ಪಕ್ಕಗಳು ಜರುಗಿದ ಅಳತೆ, ಬಂಡೆಯ ಬಿಗುಪು, ಈ ಮೂರನ್ನೂ ಗುಣಿಸಿ ಗಾತ್ರ ಹೇಳುವುದು ಈಗಿನ ಕ್ರಮ. ೨೦೦೧ರ ಜನವರಿ ೨೬ರಂದು ಭುಜ್‌ನಲ್ಲಿ ಭೂಕಂಪವಾದಾಗ ಮೊದಲು ೬.೯ ಎಂದೂ ಆಮೇಲೆ ೭.೭ ಎಂದೂ ಬೇರೆಬೇರೆ ಅಂಕೆ ಓದಿ ಜನರು ವಿಜ್ಞಾನಿಗಳನ್ನು ಗೇಲಿ ಮಾಡಿದರು. ಅವು ಬೇರೆಬೇರೆ ಮಾನಗಳ ಅಂಕೆಗಳಾಗಿದ್ದುವು. ಇದುವರೆಗೆ ಯಂತ್ರಗಳು ಕಂಡುದರಲ್ಲಿ ಎಲ್ಲಕ್ಕೂ ಹಿರಿದು ೧೯೬೦ರಲ್ಲಿ ಚಿಲಿ ದೇಶದಲ್ಲಾದದ್ದು: ೯.೫. ಕಿಲ್ಲಾರಿಯದು ೬.೨.

ಈ ೬.೨ ಎಂಬ ಅಂಕೆಯನ್ನು ಕಂಡು ನಾವು ಮೊದಲು ಸಿಟ್ಟಾಗಿದ್ದೆವು. ಅಂತಹ ಅಳತೆಯವು ಲೋಕದಲ್ಲಿ ವರ್ಷಕ್ಕೆ ನೂರಕ್ಕೂ ಮೇಲೆ ಆಗುತ್ತವೆಯಂತೆ. ಹೆಚ್ಚಿನವು ಕಡಲಿನಲ್ಲೋ ಕಾಡಿನಲ್ಲೋ ಆಗಿ, ಯಾರ ಮನೆಯ ಹೆಂಚೂ ಜಾರುವುದಿಲ್ಲ. ಹಾಗಾದರೆ ನಮ್ಮ ಮೌಶಿಯನ್ನು ಕೊಂದದ್ದು ಸಾಧಾರಣವಾದ ಒಂದು ನಡುಕವೆ? ವಿಜ್ಞಾನದ ಮಾಸ್ತರರು ಸಮಾಧಾನದಿಂದ ತಿಳಿಸಿಕೊಟ್ಟರು. ಗಾತ್ರ ಒಂದು, ತೀವ್ರತೆ ಬೇರೊಂದು. ಒಂದು ಕಂಪಕ್ಕೆ ಗಾತ್ರ ಒಂದೇ, ತೀವ್ರತೆಯಾದರೋ ಊರಿಗೊಂದು. ಇಟಲಿಯ ಮೆರ್ಕಾಲಿ ಎಂಬವರ ಹೆಸರಿನಲ್ಲಿ ಹನ್ನೆರಡು ಮೆಟ್ಟಿಲುಗಳ ಒಂದು ಪಟ್ಟಿಯಿದೆ. ಅದಕ್ಕೆ ಯಂತ್ರ ಬೇಡ. ಮಲಗಿದವರು ಎದ್ದರೇ, ಪಾತ್ರೆ ಉರುಳಿದುವೇ, ಗೋಡೆ ಬಿರಿಯಿತೇ, ಮನೆ ಕುಸಿಯಿತೇ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಾರೆ. ನಮ್ಮ ತಾಯಿಯವರ ಉದ್ಧರಣೆಗೆ ಆ ಪಟ್ಟಿಯ ಕೆಳಗಿನ ಮೆಟ್ಟಿಲಿನಲ್ಲಿ ಸ್ಥಳವುಂಟು.

ಕಿಲ್ಲಾರಿಯ ಸುತ್ತಣ ಮನೆಗಳು ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆಯವು. ಬೇಸಗೆಯಲ್ಲಿ ತಂಪಾಗಲೆಂದು, ಮಳೆಯಲ್ಲಿ ಸೋರದಿರಲೆಂದು, ವರ್ಷವರ್ಷವೂ ಮಾಳಿಗೆಯ ಮೇಲೆ ಮಣ್ಣು ಹಾಕಿಹಾಕಿ ಮೊಳದುದ್ದ ದಪ್ಪವಾಗಿರುತ್ತಿತ್ತು. ನಾವು ಚಿಕ್ಕವರಾಗಿದ್ದಾಗ ಬೇಸಗೆಯ ರಜದಲ್ಲಿ ಆ ತಂಪಿನಲ್ಲಿಯೇ ಮೌಶಿಯ ಪಕ್ಕದಲ್ಲಿ ಮಲಗುತ್ತಿದ್ದೆವು. ಗೋಡೆಯ ಕಲ್ಲುಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧ ಇರಲಿಲ್ಲ. ನೆಲ ಅಡ್ಡಡ್ಡಲಾಗಿ ಜಗ್ಗಿದೊಡನೆ ಒಳಗಣ ಕಲ್ಲು ಒಳಕ್ಕೆ, ಹೊರಗಣ ಕಲ್ಲು ಹೊರಕ್ಕೆ ಬಿಚ್ಚಿಕೊಂಡು, ಮಾಳಿಗೆಯ ಮಣ್ಣೆಲ್ಲ ಮಲಗಿದವರ ಮೇಲೆ ಇಳಿಯಿತು.

ಹಲವು ವರ್ಷ ಕಳೆದ ಮೇಲೆ, ಸರ್ಕಾರ ಕಟ್ಟಿಸಿದ ಹೊಸ ಊರಿನ ಹೊಸ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ, ನಾವು ಧೈರ್ಯ ಮಾಡಿ ಕಾಕಾ ಅವರಲ್ಲಿ ಆ ಕಾಗದದ ಮಾತೆತ್ತಿದೆವು. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿ, "ನಿನ್ನ ಕಾಗದಾ ಬಂದಿತ್ತು, ಎಲ್ಲಾರಿಗೂ ಓದಿ ಹೇಳಿದ್ದೆ. ಆದ್ರ ಒಳಗ ಮಲಗಿದ್ದು ಛಳಿಗಿ. ಮಾಗಿ ಬಂತು, ಊರಿಗಿ ಊರೇ ಒಳಗ ಹೋತು. ನಿನ್ನ ಎರಡು ಹಾಳಿಗಿ ಅಷ್ಟು ಬಲಾ ಎಲ್ಲಿಂದ ಬರ್ತದ?" ಎಂದರು. ಇದು ಇದ್ದ ಸಂಗತಿಯೋ, ನಮ್ಮನ್ನು ಸಂತೈಸಲು ಆಡಿದ ಮಾತೋ, ಇಂದಿಗೂ ಅರಿಯೆವು. ಅವರೂ ಈಗಿಲ್ಲ, ತಾಯಿಯವರೂ ಇಲ್ಲ. ತುಳಸಿಯ ಸರ ನಮ್ಮ ಮನೆಯಲ್ಲಿದೆ.

೨೦೨೧ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯದೇ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲದೊಳಗೆ ಸಪ್ಪಳವಾಗುತ್ತಿತ್ತು. ಒಂದೆರಡು ನಡುಕಗಳ ಅಂಕೆ ನಾಲ್ಕರ ಆಸುಪಾಸಿನಲ್ಲಿತ್ತು. ಜನರು ಅಂಗಳದಲ್ಲಿಯೂ ಬಯಲಿನಲ್ಲಿಯೂ ಮಲಗತೊಡಗಿದರು. ಒಂದು ರಾತ್ರಿ ಆ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಫೋನು ಮಾಡಿ, "ಸರ್, ಇಲ್ಲಿ ದಿನಾ ನೆಲ ಗುಡುಗುತ್ತಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಒಳಗೆ ಮಲಗಬಹುದೇ?" ಎಂದು ಕೇಳಿದನು.

ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮುಂದೆ ದೊಡ್ಡದು ಬರುತ್ತದೆಯೇ ಇಲ್ಲವೇ ಎಂದು ಹೇಳಬಲ್ಲವರು ಇಂದಿಗೂ ಯಾರೂ ಇಲ್ಲವೆಂದು ಅವನಿಗೆ ತಿಳಿಸಿದೆವು. ಆಮೇಲೆ, ನಿನ್ನ ಮನೆಯ ಗೋಡೆ ಏತರದು, ಕಲ್ಲಿನ ನಡುವೆ ಮಣ್ಣೋ ಸಿಮೆಂಟೋ, ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂದು ಕೇಳಿದೆವು. ಅವನು "ತಡೀರಿ ಸರ್, ಏಣಿ ಹಾಕಿ ನೋಡಿ ಹೇಳುತ್ತೇನೆ" ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೋದನು.